ಡಿಸ್ಕಸ್ ಮೀನಿಗೆ ಹದ ಮಾಡಿದ ನೀರು

ಮೂರನೇ ಸಲವೂ ಮೀನು ಸತ್ತ ಮೇಲೆ ಕಲ್ಯಾಣದುರ್ಗದ ಎಣ್ಣೆ ಮಿಲ್ಲಿನ ಸಾಹುಕಾರರು ನನ್ನನ್ನು ಹುಡುಕಿಕೊಂಡು ಹಿಂದೂಪುರಕ್ಕೆ ಬಂದರು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ರೇಷ್ಮೆ ನೂಲಿಗೆ ಬಣ್ಣ ಹಾಕುವವನು. ನೇಕಾರರ ಬೀದಿಯ ತುದಿಯಲ್ಲಿ ಒಂದು ಬಾಡಿಗೆ ಶೆಡ್ಡು, ಅದರಲ್ಲಿ ನಾಲ್ಕು ಒಲೆ, ನಾಲ್ಕು ಕಡಾಯಿ. ಒಳಕೋಣೆಯಲ್ಲಿ ನಾನೇ ಗಾಜು ಕೊಯ್ದು ಅಂಟಿಸಿದ ಒಂದು ತೊಟ್ಟಿ, ಅದರಲ್ಲಿ ಒಂದು ಜೋಡಿ ಡಿಸ್ಕಸ್ ಮೀನು. ಸಾಹುಕಾರರು ಒಮ್ಮೆ ಮನೆಯ ಸೀರೆಗೆ ಬಣ್ಣ ಆರಿಸಲು ಬಂದವರು ಆ ಮೀನು ನೋಡಿ ಮರುಳಾಗಿ, ಬೆಂಗಳೂರಿನಿಂದ ತಾವೂ ತರಿಸಿ ಸಾಯಿಸಿ, ಮತ್ತೆ ತರಿಸಿ ಸಾಯಿಸಿ, ಈಗ ಸೋತು ಬಂದಿದ್ದರು.

ಡಿಸ್ಕಸ್ ಎಂದರೆ ಊಟದ ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿದ ಹಾಗಿರುವ ಮೀನು. ಕಂದು ಮೈ, ಅದರ ಮೇಲೆ ನೀಲಿ ಗೆರೆ, ಕೆಂಪು ಕಣ್ಣು. ಅದರ ತವರು ದಕ್ಷಿಣ ಅಮೆರಿಕದ ಕಾಡುಹೊಳೆಗಳು. ಅಲ್ಲಿ ಎಲೆ ಕೊಳೆತು ಕಾಫಿ ಬಣ್ಣಕ್ಕೆ ತಿರುಗಿದ, ಸುಣ್ಣದ ಸೋಂಕಿಲ್ಲದ ಮೆತ್ತನೆಯ ನೀರು. ಅಂಥ ಮೀನನ್ನು ತಂದು, ಬಂಡೆ ಕೊರೆದು ನೀರು ತೆಗೆಯುವ ನಮ್ಮ ಸೀಮೆಯಲ್ಲಿ ಸಾಕುತ್ತೇನೆ ಎನ್ನುವವನಿಗೆ ತಲೆ ಕೆಟ್ಟಿರಬೇಕು. ನೀರು ಇಪ್ಪತ್ತೆಂಟು ಡಿಗ್ರಿಗಿಂತ ತಣ್ಣಗಾಗಬಾರದು, ಸ್ವಲ್ಪ ಹುಳಿಯ ಕಡೆಗೆ ವಾಲಿರಬೇಕು, ದಿನವೂ ಒಂದಿಷ್ಟು ಬದಲಾಯಿಸಬೇಕು, ಬದಲಾಯಿಸಿದ್ದು ಮೀನಿಗೆ ಗೊತ್ತಾಗಬಾರದು. ಬಾಗಿಲು ಜೋರಾಗಿ ಹಾಕಿದರೆ ಎರಡು ದಿನ ಉಣ್ಣುವುದಿಲ್ಲ. ಹೊಸ ಅಳಿಯನೂ ಇಷ್ಟು ಕಾಟ ಕೊಡುವುದಿಲ್ಲ.

ನೀರಿನ ವಿಷಯದಲ್ಲಿ ನನಗೆ ಜಂಭವಿತ್ತು, ಸುಳ್ಳು ಹೇಳುವುದಿಲ್ಲ. ಬಣ್ಣದವನಿಗೆ ನೀರೇ ಬಂಡವಾಳ. ಗಡಸು ನೀರಿನಲ್ಲಿ ರೇಷ್ಮೆ ಬೇಯಿಸಿದರೆ ಸೋಪು ನೊರೆಯಾಗದೆ ಒಡೆದ ಹಾಲಿನಂತೆ ಗರಣೆ ಕಟ್ಟುತ್ತದೆ, ನೂಲಿನ ಮೇಲೆ ಕೂತು ಬಣ್ಣ ಮಚ್ಚೆಮಚ್ಚೆಯಾಗುತ್ತದೆ. ಆದ್ದರಿಂದ ಯಾವ ಬಾವಿಯ ನೀರಾದರೂ ಸಣ್ಣ ಸೀಸೆಗೆ ಹಾಕಿ, ಬಾರ್ ಸೋಪು ಉಗುರಿನಲ್ಲಿ ಕೆರೆದು ಉದುರಿಸಿ, ಹತ್ತು ಸಲ ಅಲ್ಲಾಡಿಸಿ ನೋಡುವುದು ನಮ್ಮ ಮನೆತನದ ಪದ್ಧತಿ. ನೊರೆ ಎಷ್ಟು ಹೊತ್ತು ನಿಲ್ಲುತ್ತದೆಯೋ ಅಷ್ಟು ಮೆತ್ತನೆಯ ನೀರು. ಆ ಸೀಸೆಯ ಬಲದಿಂದಲೇ ನಾನು ಹಿಂದೂಪುರದಲ್ಲಿ ಡಿಸ್ಕಸ್ ಬದುಕಿಸಿದ್ದೆ. ಒಮ್ಮೆ ಹನ್ನೊಂದು ಮರಿಗಳನ್ನೂ ಮಾಡಿಸಿದ್ದೆ. ಕರೆಂಟು ಹೋಗಿ ನೀರು ತಣ್ಣಗಾಗಿ ಅವೆಲ್ಲ ಸತ್ತಿದ್ದವು.

ಆ ವರ್ಷ ನನ್ನ ಕೈ ಕೆಟ್ಟಿತ್ತು. ಬಣ್ಣ, ಆಸಿಡ್ಡು, ಸೋಡಾದಲ್ಲಿ ಇಪ್ಪತ್ತು ವರ್ಷ ನೆನೆದ ಕೈ ಮೊಣಕೈವರೆಗೆ ಸುಲಿದು ರಸಿಗೆ ಒಸರುತ್ತಿತ್ತು. ಇನ್ನು ಕಡಾಯಿಗೆ ಕೈ ಹಾಕಿದರೆ ಕೈಯೇ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನನಗೆ ಬೇರೆ ಕಸುಬು ಗೊತ್ತಿರಲಿಲ್ಲ. ಸಾಹುಕಾರರು ಅದನ್ನು ತಿಳಿದೇ ಮಾತು ಎತ್ತಿದರು. ಅವರ ಮಿಲ್ಲಿಗೆ ಸ್ವಂತ ಜನರೇಟರ್ ಇದೆ, ಕರೆಂಟಿನ ಭಯವಿಲ್ಲ. ಜೋಡಿಯನ್ನು ಅಲ್ಲಿಗೆ ತಂದು ಒಂದು ಸಲ ಮರಿ ಮಾಡಿಸಿ ಬೆರಳುದ್ದ ಬೆಳೆಸಿ ತೋರಿಸಿದರೆ, ಮಿಲ್ಲಿನ ಹಿಂದಿನ ಗೋಡೌನಿನ ತುಂಬ ತೊಟ್ಟಿ ಇಡಿಸಿ ನನ್ನನ್ನೇ ಅದಕ್ಕೆ ಮೇಸ್ತ್ರಿ ಮಾಡುತ್ತೇನೆ ಎಂದರು. ನಾನು ಒಪ್ಪಿದೆ. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಮೀನುಗಳನ್ನು ಎರಡು ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ, ವೆಲ್ಡಿಂಗ್ ಅಂಗಡಿಯಲ್ಲಿ ಆಕ್ಸಿಜನ್ ಹಿಡಿಸಿ, ಚೀಲಗಳನ್ನು ಹೊಟ್ಟು ತುಂಬಿದ ಬುಟ್ಟಿಯಲ್ಲಿಟ್ಟು ರೊದ್ದಂ ಊರಿನ ಮೇಲೆ ಹೋಗುವ ಬಸ್ಸು ಹತ್ತಿದೆ. ಬುಟ್ಟಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದವನು ಒಳಗೇನು ಎಂದು ಕೇಳಿದ. ಮೀನು ಎಂದೆ. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಎರಡೇ ಮೀನು ಒಯ್ಯುವ ನನ್ನನ್ನು ನೋಡಿ, ಊಟಕ್ಕೆ ಸಾಲುತ್ತಾ ಎಂದು ತೆಲುಗಿನಲ್ಲಿ ಕೇಳಿ ನಕ್ಕ.

ಸಾಹುಕಾರರ ಮನೆ ಮಿಲ್ಲಿಗೆ ಅಂಟಿಕೊಂಡೇ ಇತ್ತು. ಎಲ್ಲಿ ಮುಟ್ಟಿದರೂ ಕಡಲೆಕಾಯಿ ಎಣ್ಣೆಯ ಜಿಡ್ಡು, ಮೂಗಿನ ತುಂಬ ಹಿಂಡಿಯ ವಾಸನೆ. ತೊಟ್ಟಿಯನ್ನು ನಡುಮನೆಯಲ್ಲಿ ಇಡಿಸಿದರು. ಅದರ ಮುಂದೆ ಮಣೆ ಹಾಕಿಕೊಂಡು ಕೂತವರು ಸಾಹುಕಾರರ ತಾಯಿ. ಮನೆಯವರೆಲ್ಲ ಅವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೂವತ್ತು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡ ಹೆಂಗಸು, ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಡಿಸ್ಕಸ್‌ಗೆ ಮಾಂಸದ ಆಹಾರವೇ ಬೇಕು. ಬೆಂಗಳೂರಿನವರು ದನದ ಗುಂಡಿಗೆ ರುಬ್ಬಿ ಹಾಕುತ್ತಾರೆ ಎಂದು ಕೇಳಿದ್ದೆ, ಆ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಸೊಳ್ಳೆಯ ಮರಿ ಸಾಕು ಎಂದೆ. ಮಾರನೆಯ ದಿನ ನೋಡಿದರೆ ಅವ್ವನೇ ಎತ್ತಿನ ಕಲ್ಲುಬಾನಿಯಿಂದ ಹಳೇ ಪಂಚೆಯ ತುಂಡಿನಲ್ಲಿ ಸೊಳ್ಳೆಮರಿ ಸೋಸುತ್ತಿದ್ದರು. ಪ್ರತಿ ಸೋಸಿಗೂ ಒಂದು ಶಿವ ಶಿವ. ಲಿಂಗ ಕಟ್ಟಿದವರು ಹೀಗೆ ಮಾಡಬಹುದೇ ಎಂದು ಯಾರೋ ಕೇಳಿದ್ದಕ್ಕೆ, ಹಸಿದಿರೋದಕ್ಕೆ ಅದರ ಊಟ ಹಾಕುತ್ತಿದ್ದೇನೆ, ನಾನೇನು ತಿನ್ನುತ್ತಿದ್ದೀನಾ ಎಂದು ಬಾಯಿ ಮುಚ್ಚಿಸಿದರು.

ಮೀನು ಹೊಂದಿಕೊಂಡವು. ಮೂರನೇ ವಾರಕ್ಕೆ ಬೋರಲು ಹಾಕಿದ ಮಡಕೆಯ ಮೈಯನ್ನು ಬಾಯಿಂದ ಉಜ್ಜಿ ಉಜ್ಜಿ ತೊಳೆದು ಮೊಟ್ಟೆಯಿಟ್ಟವು. ಎರಡೇ ದಿನಕ್ಕೆ ಎಲ್ಲ ಬೆಳ್ಳಗಾಗಿ ಬೂಷ್ಟು ಹಿಡಿದವು. ಕಾರಣ ನನಗೆ ಗೊತ್ತಿತ್ತು. ಅಲ್ಲಿಯ ಬೋರ್‌ವೆಲ್ ನೀರಿಗೆ ನನ್ನ ಸೀಸೆಯಲ್ಲಿ ನೊರೆಯೇ ಏಳಲಿಲ್ಲ. ಅಷ್ಟು ಸುಣ್ಣವಿರುವ ನೀರಿನಲ್ಲಿ ದೊಡ್ಡ ಮೀನು ಹೇಗೋ ಬದುಕುತ್ತದೆ, ಮೊಟ್ಟೆ ಒಡೆಯುವುದಿಲ್ಲ. ಮಳೆನೀರು ಬೇಕು. ಹಿಂಗಾರು ಆಗ ತಾನೇ ಶುರುವಾಗಿತ್ತು, ತಾರಸಿಯಿಂದ ಕೊಳವೆ ಇಳಿದಿತ್ತು. ಹಿಡಿಯುವುದಕ್ಕೆ ಪಾತ್ರೆ ಯಾವುದು ಎಂಬುದೇ ಪ್ರಶ್ನೆ.

ಈ ಪಾತ್ರೆ ಆರಿಸಿದ ಕಥೆಯನ್ನು ನಾನು ಬಿಡಿಸಿ ಹೇಳಬೇಕು. ಸಿಮೆಂಟ್ ತೊಟ್ಟಿ ಇತ್ತು. ಅದರಲ್ಲಿ ಒಂದು ದಿನ ನಿಂತ ಮಳೆನೀರನ್ನು ಸೀಸೆಗೆ ಹಾಕಿ ನೋಡಿದೆ, ಸಿಮೆಂಟಿನ ಸುಣ್ಣ ಸೇರಿ ನೊರೆ ಅರ್ಧಕ್ಕೆ ಇಳಿದಿತ್ತು. ಬೇಡ ಎಂದೆ. ಮಿಲ್ಲಿನ ಡ್ರಮ್ಮುಗಳಿಗೆಲ್ಲ ಎಣ್ಣೆ ಮೆತ್ತಿತ್ತು. ಕಬ್ಬಿಣದ ಪೀಪಾಯಿ ತಂದು ನಿಲ್ಲಿಸಿದರು. ಬಣ್ಣದವನ ಮುಂದೆ ಕಬ್ಬಿಣ ಎನ್ನಬಾರದು. ತುಕ್ಕು ಒಂದು ಹನಿ ಬಿದ್ದರೂ ಬಣ್ಣದ ಕಳೆ ಹೋಗುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವನು ನಾನು. ನಮ್ಮ ಕಡಾಯಿಗಳೆಲ್ಲ ತಾಮ್ರ. ಬಣ್ಣವನ್ನು ಕಾಯುವುದು ತಾಮ್ರ ಎಂದು ಅಪ್ಪ ಹೇಳುತ್ತಿದ್ದ. ಹಾಗಾಗಿ ನನ್ನ ಕಣ್ಣು ಬಚ್ಚಲಮನೆಯ ಹಂಡೆಯ ಮೇಲೆ ಬಿತ್ತು. ಆರು ಕೊಡ ಹಿಡಿಯುವ ಎರಡು ತಾಮ್ರದ ಹಂಡೆ. ಅವನ್ನು ಮೀನಿಗೆ ಬಿಟ್ಟುಕೊಡಿ ಎಂದು ನಾನೇ ಕೇಳಿದೆ.

ಅವ್ವನಿಗೆ ಆದ ಸಂತೋಷ ಇಷ್ಟಲ್ಲ. ತಾಮ್ರದಲ್ಲಿ ನಿಂತ ನೀರಿಗಿಂತ ಮಡಿಯಾದದ್ದು ಇನ್ನೇನಿದೆ. ಹಂಡೆಗಳನ್ನು ಹುಣಸೆಹಣ್ಣು ಹಾಕಿ ತಾವೇ ತಿಕ್ಕಿದರು, ಒಳಗೂ ಹೊರಗೂ, ಮುಖ ಕಾಣುವ ಹಾಗೆ. ಅದರಲ್ಲಿ ಮಳೆನೀರು ಹಿಡಿದು, ಬಾದಾಮಿ ಮರದ ಒಣ ಎಲೆ ನಾಲ್ಕು ಹಾಕಿ ಒಂದು ದಿನ ನೆನೆಯಬಿಡಲು ಹೇಳಿದೆ. ಎಲೆಯ ಒಗರು ಇಳಿದು ನೀರು ಹುಳಿಯ ಕಡೆ ವಾಲುತ್ತದೆ, ಕಾಡುಹೊಳೆಯ ಬಣ್ಣ ಬರುತ್ತದೆ. ಹಂಡೆ ಖಾಲಿಯಾದಾಗಲೆಲ್ಲ ಅವ್ವ ಮತ್ತೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಸೀಸೆಯಲ್ಲಿ ನೊರೆ ಬಾಯಿವರೆಗೆ ಎದ್ದು ಅರ್ಧ ಗಂಟೆ ನಿಂತಿತು. ಇಂಥ ನೀರನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ, ಹಾಗೆಂದು ಸಾಹುಕಾರರ ಮುಂದೆ ಕೊಚ್ಚಿಕೊಂಡೆ.

ಬೋರಿನ ನೀರು ತೆಗೆದು ಈ ನೀರು ಸೇರಿಸುತ್ತ ಬಂದೆ. ಮುಕ್ಕಾಲು ಪಾಲು ಮಳೆನೀರಾದಾಗ ಮೀನು ಮತ್ತೆ ಮೊಟ್ಟೆಯಿಟ್ಟವು. ಮೂರನೇ ದಿನ ಮೊಟ್ಟೆ ಒಡೆದವು. ಮರಿಗಳು ಮಡಕೆಗೆ ಅಂಟಿಕೊಂಡು ಬಾಲ ಅಲ್ಲಾಡಿಸುತ್ತಿದ್ದವು. ಇನ್ನೂ ಮೂರು ದಿನಕ್ಕೆ ಮಡಕೆ ಬಿಟ್ಟು ಈಜಿ ತಾಯಿಯ ಮೈಗೆ ಹೋಗಿ ಹತ್ತಿದವು. ಡಿಸ್ಕಸ್ ಮರಿಗೆ ಮೊದಲ ಊಟ ಅಪ್ಪ ಅಮ್ಮನ ಮೈಯ ಲೋಳೆ. ಅದನ್ನೇ ಕಚ್ಚಿ ಕಚ್ಚಿ ತಿಂದು ಬೆಳೆಯಬೇಕು, ಬೇರೇನೂ ಆಗುವುದಿಲ್ಲ. ತಾಯಿಗೆ ಸಾಕಾದಾಗ ಮೈ ಕೊಡವುತ್ತದೆ, ಮರಿಗಳ ಗುಂಪು ತಂದೆಯ ಮೈಗೆ ಹೋಗುತ್ತದೆ. ನಾನು ಎಣಿಸಿದ್ದು ಎಪ್ಪತ್ತಕ್ಕೂ ಮೇಲೆ. ಅವ್ವ ಗಾಜಿಗೆ ಮೂಗು ತಾಗಿಸಿ ಕೂತಿದ್ದರು.

"ಮೀನಿಗೂ ಎದೆಹಾಲು ಐತೆ ಕಣಪ್ಪ," ಎಂದರು. "ನಂಗ್ಯಾರೂ ಹೇಳೇ ಇರ್ಲಿಲ್ಲ."

ಆ ದಿನ ನಾನು ಗೋಡೌನಿನ ಉದ್ದಗಲ ಅಳೆದು ಬಂದೆ. ನಲವತ್ತು ತೊಟ್ಟಿ ಹಿಡಿಸುತ್ತಿತ್ತು.

ಈಜತೊಡಗಿದ ಎರಡನೇ ದಿನ ಮರಿಗಳು ಮೈಗೆ ಹತ್ತಲೊಲ್ಲದಾದವು. ಹತ್ತಿರ ಹೋಗಿ ತಿರುಗಿ ಬರುತ್ತಿದ್ದವು, ಕೆಲವು ನೀರಿನ ಮೇಲ್ಭಾಗದಲ್ಲಿ ದಿಕ್ಕುಗೆಟ್ಟು ಸುತ್ತುತ್ತಿದ್ದವು. ತಾಯಿಯ ಮೈ ಕಪ್ಪಿಟ್ಟು ರೆಕ್ಕೆ ಮುದುರಿತ್ತು. ತಂದೆ ಮೂಲೆಯಲ್ಲಿ ನಿಂತು ಕಿವಿರನ್ನು ಬೇಗ ಬೇಗ ಬಡಿಯುತ್ತಿತ್ತು. ಲೋಳೆ ಪದರ ಪದರವಾಗಿ ಕಳಚಿ ನೀರಿನಲ್ಲಿ ನೂಲಿನಂತೆ ತೇಲುತ್ತಿತ್ತು. ನಾನು ಕಂಡ ಕಾರಣ ಒಂದೇ. ಮರಿಗಳದೂ ಸೊಳ್ಳೆಮರಿಯದೂ ಹೊಲಸು ಸೇರಿ ನೀರು ಕೆಟ್ಟಿದೆ, ಬದಲಾಯಿಸುವುದು ಸಾಲದು. ಆಗ ನಾನು ತೀರ್ಮಾನ ಮಾಡಿದೆ. ದಿನಕ್ಕೆ ಕಾಲು ತೊಟ್ಟಿ ಬದಲಾಯಿಸುತ್ತಿದ್ದವನು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಬದಲಾಯಿಸತೊಡಗಿದೆ. ಹಂಡೆಯ ಅತ್ಯುತ್ತಮ ನೀರು, ಇಪ್ಪತ್ತೆಂಟು ಡಿಗ್ರಿಗೆ ಕಾಯಿಸಿ, ಸಣ್ಣ ನಳಿಗೆಯಲ್ಲಿ ಹನಿ ಹನಿಯಾಗಿ. ಬಿಂದಿಗೆಯಲ್ಲಿ ತೋಡಿ ತೋಡಿ ತಂದುಕೊಡುತ್ತಿದ್ದವರು ಅವ್ವ. ಬದಲಾಯಿಸಿದ ಹಾಗೆಲ್ಲ ಮೀನು ಇನ್ನೂ ಕಪ್ಪಾದವು. ಇನ್ನೂ ಬದಲಾಯಿಸಿದೆ.

ನಾಲ್ಕನೇ ದಿನ ಬೆಳಿಗ್ಗೆ ಮರಿಗಳೆಲ್ಲ ತಳದಲ್ಲಿ ಬೂದಿ ಉದುರಿದ ಹಾಗೆ ಬಿದ್ದಿದ್ದವು. ಒಂದೂ ಉಳಿದಿರಲಿಲ್ಲ.

ನೀರಿನ ಮೇಲೆ ತೆಳ್ಳಗೆ ಒಂದು ಪೊರೆ ಬಣ್ಣ ಬಣ್ಣವಾಗಿ ಹೊಳೆಯುತ್ತಿತ್ತು. ಸತ್ತದ್ದು ಕೊಳೆತರೆ ಅಂಥ ಪೊರೆ ಕಟ್ಟುತ್ತದೆ ಎಂದು ಇವತ್ತು ಬಲ್ಲೆ. ಆ ದಿನ ಗೋಡೌನು ಕಣ್ಣಮುಂದೆ ಖಾಲಿಯಾಗುತ್ತಿತ್ತು, ಸಾಹುಕಾರರು ಪಕ್ಕದಲ್ಲೇ ನಿಂತಿದ್ದರು. ಎಣ್ಣೆ ಎಂದು ನನ್ನ ಬಾಯಿಗೆ ಬಂತು. ಮುಂಚೆ ಯೋಚಿಸಿ ಆಡಿದ ಮಾತಲ್ಲ.

"ಅವ್ವಾ, ಎಣ್ಣೆ ಕೈಯಾಗೇನಾದ್ರೂ ನೀರು ಮುಟ್ಟಿದ್ರಾ?"

ಅವ್ವ ಎರಡೂ ಕೈಗಳನ್ನು ಮುಂದೆ ಹಿಡಿದು ಅಂಗೈ ನೋಡಿಕೊಂಡರು, ತಿರುಗಿಸಿ ಹಿಂಗೈ ನೋಡಿಕೊಂಡರು. ನೀನು ಯಾಕವ್ವ ಇದಕ್ಕೆಲ್ಲ ಕೈ ಹಾಕಬೇಕಿತ್ತು ಎಂದು ಮಗ ಮೆಲ್ಲಗೆ ಕೇಳಿದರು, ಸಿಟ್ಟಿನಿಂದಲ್ಲ. ಅವ್ವ ಮಣೆ ಎತ್ತಿಕೊಂಡು ಒಳಗೆ ಹೋದರು. ನಾನು ತಡೆಯಲಿಲ್ಲ. ತಪ್ಪು ಯಾರದೋ ಒಬ್ಬರದಾಯಿತಲ್ಲ, ನನ್ನದಾಗಲಿಲ್ಲವಲ್ಲ ಎಂಬ ನೆಮ್ಮದಿಯೇ ಆಯಿತು. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯ.

ಮುಂದಿನ ಮಳೆಗಾಲಕ್ಕೆ ಮತ್ತೊಂದು ಸಲ ನೋಡೋಣ, ಅವ್ವನನ್ನು ದೂರ ಇಡುತ್ತೇನೆ ಎಂದು ಸಾಹುಕಾರರು ಹೇಳಿದರು. ನಾನು ಮೀನುಗಳನ್ನು ಚೀಲಕ್ಕೆ ಹಾಕಿ, ದಾರಿಗೆ ಬೇಕಾದೀತೆಂದು ಒಂದು ಕ್ಯಾನಿನ ತುಂಬ ಹಂಡೆಯ ನೀರನ್ನೂ ತುಂಬಿಕೊಂಡು ಹಿಂದೂಪುರಕ್ಕೆ ಬಂದೆ. ಹೆಣ್ಣುಮೀನು ಚೀಲದಲ್ಲೇ ಸತ್ತಿತ್ತು. ಗಂಡನ್ನು ನನ್ನ ಹಳೇ ತೊಟ್ಟಿಗೆ, ನಲ್ಲಿಯ ನೀರು ಹಿಡಿದು ಕ್ಲೋರಿನ್ ವಾಸನೆ ಹೋಗುವಷ್ಟು ಆರಿಸಿ ಬಿಟ್ಟೆ. ಅದೂ ಸಾಯುತ್ತದೆ ಎಂದುಕೊಂಡಿದ್ದೆ. ಮೂರು ದಿನಕ್ಕೆ ಮೈ ತಿಳಿಯಾಯಿತು, ಐದನೇ ದಿನ ಉಣ್ಣತೊಡಗಿತು. ಅತ್ಯುತ್ತಮ ನೀರಿನಲ್ಲಿ ಸಾಯುತ್ತಿದ್ದ ಮೀನು ಸಾಧಾರಣ ನೀರಿನಲ್ಲಿ ಚೇತರಿಸಿಕೊಂಡದ್ದು ಹೇಗೆ ಎಂದು ನನಗೆ ಹೊಳೆಯಲಿಲ್ಲ.

ಕ್ಯಾನಿನಲ್ಲಿ ಮುಕ್ಕಾಲು ಪಾಲು ನೀರು ಉಳಿದಿತ್ತು. ಅಷ್ಟು ಮೆತ್ತನೆಯ ನೀರನ್ನು ಚರಂಡಿಗೆ ಚೆಲ್ಲಲು ಬಣ್ಣದವನಿಗೆ ಮನಸ್ಸು ಬರುವುದಿಲ್ಲ. ಒಬ್ಬ ಹಳೇ ನೇಕಾರ ದಾಳಿಂಬೆ ಸಿಪ್ಪೆಯ ಹಳದಿಯಲ್ಲಿ ಒಂದು ಲಡಿ ನೂಲು ಕೇಳಿದ್ದ. ಕೈಗೆ ರಬ್ಬರ್ ಗ್ಲೋಸು ಹಾಕಿಕೊಂಡು ಬಣ್ಣ ಹಾಕಿ, ಕೊನೆಯ ಬಿಸಿ ಜಾಲಾಟಕ್ಕೆ ಆ ನೀರನ್ನು ಉಪಯೋಗಿಸಿದೆ. ಲಡಿ ಎತ್ತಿದಾಗ ಹಳದಿ ಹೋಗಿ ಪಾಚಿಯ ಹಸಿರು ಬಂದಿತ್ತು. ಇಪ್ಪತ್ತು ವರ್ಷ ಬಣ್ಣ ಹಾಕಿದವನಿಗೆ ಬೇರೆ ಪರೀಕ್ಷೆ ಬೇಕಿರಲಿಲ್ಲ. ಆ ಹಳದಿಯನ್ನು ಹಾಗೆ ಹಸಿರು ಮಾಡುವುದು ತಾಮ್ರದ ಉಪ್ಪು, ಮೈಲುತುತ್ತು. ನಾವು ಬೇಕೆಂದೇ ಚಿಟಿಕೆ ಹಾಕಿ ಆ ಬಣ್ಣ ತೆಗೆಯುತ್ತೇವೆ.

ನನ್ನ ಕಡಾಯಿಗಳು ತಾಮ್ರದವೇ, ಆದರೆ ವರ್ಷಕ್ಕೊಮ್ಮೆ ಕಲಾಯಿಯವನನ್ನು ಕರೆಸಿ ಒಳಗೆ ತವರ ಹಿಡಿಸುತ್ತಿದ್ದೆ. ನಮ್ಮ ನೀರು ತಾಗುತ್ತಿದ್ದುದು ತವರಕ್ಕೆ. ಬಚ್ಚಲ ಹಂಡೆಗೆ ಯಾರೂ ಕಲಾಯಿ ಹಾಕಿಸುವುದಿಲ್ಲ. ಮೆತ್ತನೆಯ ಮಳೆನೀರು, ಅದಕ್ಕೆ ಎಲೆಯ ಹುಳಿ, ಹುಣಸೆಹಣ್ಣಿನಲ್ಲಿ ತಿಕ್ಕಿ ಬೆತ್ತಲೆ ಮಾಡಿದ ತಾಮ್ರ. ಗಡಸು ನೀರಾಗಿದ್ದರೆ ಅದರ ಸುಣ್ಣವಾದರೂ ಅಷ್ಟಿಷ್ಟು ಕಾಯುತ್ತಿತ್ತು. ನಾನು ಸೀಸೆ ಅಲ್ಲಾಡಿಸಿ ಅಲ್ಲಾಡಿಸಿ ಅದನ್ನೂ ತೆಗೆದುಹಾಕಿದ್ದೆ. ಮೀನಿನ ಕಿವಿರಿಗೆ ತಾಮ್ರ ವಿಷ. ಆ ವಿಷವನ್ನು ಬೆಳಿಗ್ಗೆ ಅರ್ಧ ತೊಟ್ಟಿ, ಸಂಜೆ ಅರ್ಧ ತೊಟ್ಟಿ ನಾನೇ ಹದ ಮಾಡಿ ಕುಡಿಸಿದ್ದೆ.

ಹಸಿರು ಲಡಿ ನೋಡಿದ ಹೆಂಡತಿ ವಿಷಯ ಕೇಳಿ ತಿಳಿದುಕೊಂಡಳು. "ಹೋಗಿ ಆ ವಮ್ಮನ್ಗೆ ಹೇಳ್ಬುಟ್ಟು ಬಾ," ಎಂದಳು, ಅಷ್ಟೇ. ಹೋಗುತ್ತೇನೆ ಎಂದೆ. ಹೋಗಲಿಲ್ಲ. ಹೇಳಿದರೆ ನೀರು ಬಲ್ಲವನು ಎಂಬ ನನ್ನ ಹೆಸರು ಹೋಗುತ್ತದೆ, ಹೆಸರು ಹೋದರೆ ಗೋಡೌನು ಹೋಗುತ್ತದೆ. ಸಾಹುಕಾರರಿಗೆ ಒಂದು ಕಾರ್ಡು ಬರೆದೆ: ಈ ಸಲ ಹೊಸ ಪ್ಲಾಸ್ಟಿಕ್ ಡ್ರಮ್ಮು ತರಿಸಿಡಿ, ಹಂಡೆ ಬೇಡ. ಯಾಕೆ ಎಂದು ಬರೆಯಲಿಲ್ಲ. ಆ ಒಂದು ಸಾಲು ಬಿಟ್ಟದ್ದಕ್ಕೆ ನನ್ನಲ್ಲಿ ಯಾವ ಸಮಜಾಯಿಷಿಯೂ ಇಲ್ಲ.

ಎಂಟು ತಿಂಗಳ ಮೇಲೆ ಹೊಸ ಜೋಡಿಗೆ ಜಾಗ ನೋಡಿಕೊಂಡು ಬರಲು ಬರಿಗೈಯಲ್ಲಿ ಕಲ್ಯಾಣದುರ್ಗಕ್ಕೆ ಹೋದೆ. ನಡುಮನೆಯಲ್ಲಿ ತೊಟ್ಟಿಲು ಇತ್ತು. ಸಾಹುಕಾರರ ಸೊಸೆ ತವರಿನಲ್ಲಿ ಹೆತ್ತು ಮೂರು ತಿಂಗಳ ಗಂಡುಮಗುವನ್ನು ಕರೆತಂದಿದ್ದಳು. ಬಚ್ಚಲಿನಿಂದ ಮಗು ಕಿರುಚುವ ಸದ್ದು ಬರುತ್ತಿತ್ತು. ಮಗುವಿಗೆ ನೀರೆರೆಯಲು ಹೊರಗಿನವಳನ್ನು ಇಟ್ಟಿದ್ದೇವೆ ಎಂದು ಸಾಹುಕಾರರು ತಾವಾಗಿಯೇ ಹೇಳಿದರು. ಆ ಬೀದಿಯ ಮಕ್ಕಳನ್ನೆಲ್ಲ ಕಾಲ ಮೇಲೆ ಹಾಕಿಕೊಂಡು ಎರೆದ ಕೈ ಅವ್ವನದು. ತಮ್ಮ ಮರಿಮಗುವನ್ನು ಮಾತ್ರ ಒಂದು ದಿನವೂ ಮುಟ್ಟಿಲ್ಲ. ಮೀನಿನ ಮರಿ ಸತ್ತಾಗಿನಿಂದ ಹೀಗೆ, ತಮ್ಮ ಕೈ ಒಳ್ಳೆಯದಲ್ಲ ಎನ್ನುತ್ತಾರೆ, ಏನು ಹೇಳಿದರೂ ಕೇಳುವುದಿಲ್ಲ ಎಂದರು.

ಎಲ್ಲವನ್ನೂ ಸಾಹುಕಾರರಿಗೆ ಹೇಳಿದೆ, ಹಂಡೆ, ಹುಣಸೆಹಣ್ಣು, ಹಸಿರಾದ ಲಡಿ, ಕಾರ್ಡಿನಲ್ಲಿ ಬರೆಯದೆ ಬಿಟ್ಟದ್ದು. ಅವರು ವ್ಯಾಪಾರಸ್ಥರು, ತಕ್ಷಣ ಅರ್ಥ ಮಾಡಿಕೊಂಡರು.

"ಇಷ್ಟ್ ದಿನ ಯಾಕ್ ಸುಮ್ನಿದ್ರಿ?" ಎಂದು ಕೇಳಿದರು. ಗೋಡೌನಿನ ಮಾತು ಅಲ್ಲಿಗೇ ನಿಂತಿತು, ಅದನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವ್ವನಿಗೆ ನೀವೇ ಹೋಗಿ ಹೇಳಿ, ನಾನು ಹೇಳಿದರೆ ನಂಬುವುದಿಲ್ಲ ಎಂದು ಮಾತ್ರ ಹೇಳಿದರು.

ಅವ್ವ ಹಿತ್ತಲ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಎದುರಿಗೆ ಕೂತು ಹೇಳಿದೆ.

"ಅವ್ವಾ, ನಿಮ್ ಕೈಯಿಂದ ಏನೂ ಆಗ್ಲಿಲ್ಲ. ತಾಮ್ರದ್ ಹಂಡೆಯಿಂದ ಆಗಿದ್ದು. ಅದ್ರಾಗೆ ನೀರು ಹಿಡೀರಿ ಅಂದೋನು ನಾನು. ತಪ್ಪು ನಂದು."

ಅವರು ಪೂರ್ತಿ ಕೇಳಿಸಿಕೊಂಡರು. ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು.

"ಶಿವಪೂಜೆಗೆ ನೀರು ತರಾದೇ ತಾಮ್ರದ್ ತಂಬಿಗೇಲಿ ಕಣಪ್ಪ. ತಾಮ್ರ ಯಾರ್ನಾದ್ರೂ ಸಾಯ್ಸೀತಾ?" ಎಂದರು. "ಮುದುಕಿ ನೊಂದ್ಕಂಡವ್ಳೆ ಅಂತ ಸಮಾಧಾನ ಹೇಳಾಕೆ ಅಷ್ಟ್ ದೂರದಿಂದ ಬಂದಿದ್ದೀಯ. ಒಳ್ಳೇನು ಕಣಪ್ಪ ನೀನು."

ಸೀಸೆಯ ವಿಷಯ, ಕಲಾಯಿಯ ವಿಷಯ, ಬಣ್ಣದ ವಿಷಯ ಮತ್ತೊಮ್ಮೆ ಬಿಡಿಸಿ ಹೇಳಿದೆ. ನಾನು ಹೇಳಿದಷ್ಟೂ ಅವರ ಕಣ್ಣಲ್ಲಿ ನಾನು ಇನ್ನಷ್ಟು ಒಳ್ಳೆಯವನಾಗುತ್ತಿದ್ದೆ.

ಅಷ್ಟರಲ್ಲಿ ಸೊಸೆ ಎರೆದ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು, ಒಂದು ಗಳಿಗೆ ಹಿಡಿದುಕೊಳ್ಳಿ ಎಂದು ಅವ್ವನ ಮುಂದೆ ಬಗ್ಗಿದಳು. ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ನಂಗ್ ಬ್ಯಾಡ ಕಣಮ್ಮ. ಅವ್ರ ಕೈಗೆ ಕೊಡು."

ಸೊಸೆ ಮಗುವನ್ನು ನನಗೆ ಕೊಟ್ಟಳು. ಅದರ ಮೈ ಇನ್ನೂ ಬಿಸಿನೀರಿನ ಕಾವಿನಲ್ಲಿತ್ತು. ನಾನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅವ್ವ ಸ್ವಲ್ಪ ದೂರ ಸರಿದು, ಅಲ್ಲಿಂದಲೇ ಮಗುವಿನ ಮುಖ ನೋಡುತ್ತಿದ್ದರು.